ಶುಭ ಕೋರುವವರಿಲ್ಲದ ಫ್ಲೆಕ್ಸ್

ಲಿಖಿತಾ: ಕೆಳಗಡೆ ಒಂದು ಸಾಲು ಮುಖ ಇಲ್ದೆ ಫ್ಲೆಕ್ಸ್ ಮಾಡೋಕಾಗಲ್ಲ ಅಂಕಲ್. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ.

ಯೋಗರಾಜ್: ಹಾಗಾದ್ರೆ ಹನ್ನೊಂದು ವರ್ಷದಿಂದ ತಪ್ಪು ಮಾಡ್ತಿದೀಯ.

ಲಿಖಿತಾ: ‘ಶುಭ ಕೋರುವವರು’ ಅಂತ ಒಂದ್ ಎಂಟು ಜನರ ಫೋಟೋ ಕೊಡಿ. ಬೇಡ, ನಾಲ್ಕು ಕೊಡಿ. ನಿಮ್ಮದೊಂದಾದ್ರೂ ಹಾಕೋಣ.

ಯೋಗರಾಜ್: ನನ್ನದ್ಯಾಕೆ? ನಾನೇನು ಬಾಸ್ಕೆಟ್‌ಬಾಲ್ ಆಡಿದೀನಾ? ಬಾಲ್ ಚರಂಡಿಗೆ ಬಿದ್ದಾಗ ಎತ್ಕೊಟ್ಟಿದೀನಿ, ಅಷ್ಟೇ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ಲಿಖಿತಾಳ ಫ್ಲೆಕ್ಸ್ ಅಂಗಡಿಗೆ ಯೋಗರಾಜ್ ಭದ್ರಾವತಿಯಿಂದ ಬೆಳಗ್ಗೆ ಹತ್ತಕ್ಕೇ ಬಂದು ಕೂತಿದ್ದ. ಊರಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ವಯಸ್ಸು ಅರವತ್ತು. ಸುಟ್ಟುಹೋದ ಪಂಪ್‌ಸೆಟ್ ತಂದವರಿಗೂ ಮೊದಲು ಷಡಕ್ಷರಪ್ಪನವರ ಕಥೆ ಹೇಳಿ, ಆಮೇಲೆ ವೈರ್ ಸುತ್ತುವ ಆಸಾಮಿ ಅವನು. ಷಡಕ್ಷರಪ್ಪ ಎಂದರೆ ಒಂದು ಕಾಲದಲ್ಲಿ ಭದ್ರಾವತಿ ಕಾರ್ಖಾನೆಯ ಬಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್, ಆರು ವರ್ಷ ರಾಜ್ಯಕ್ಕೆ ಆಡಿದವರು. ಈಗ ಎಪ್ಪತ್ತೈದು. ಹಾಲು ತರಲು ಹೋದರೆ ಹಾಲಿನವನೂ ‘ಯಾರು ನೀವು’ ಎಂದು ಕೇಳುವ ಸ್ಥಿತಿ. ಅವರು ಬದುಕಿರುವಾಗಲೇ ಊರು ಒಂದು ಸಲ ತಲೆಯೆತ್ತಿ ಅವರನ್ನು ನೋಡಬೇಕು, ಇದೊಂದೇ ಯೋಗರಾಜನ ಹಟ. ಅದಕ್ಕೇ ಈ ಫ್ಲೆಕ್ಸ್.

ಲಿಖಿತಾ: ಮುಖ ಬೇಡ ಅಂದ್ರೆ ಬೇಡ. ಸಂದರ್ಭ ಏನು ಹೇಳಿ. ಹುಟ್ಟುಹಬ್ಬನಾ?

ಯೋಗರಾಜ್: ಹುಟ್ಟುಹಬ್ಬ ರಾಜಕಾರಣಿಗಳಿಗೆ.

ಲಿಖಿತಾ: ಸನ್ಮಾನ? ಪ್ರಶಸ್ತಿ? ಅಧ್ಯಕ್ಷರಾಗಿದಾರಾ?

ಯೋಗರಾಜ್: ಏನೂ ಆಗಿಲ್ಲ ಕಣಮ್ಮ. ಅದೇ ಸಂಕಟ. ಏನಾದ್ರೂ ಆದ್ಮೇಲೇ ಫ್ಲೆಕ್ಸ್ ಹಾಕ್ಬೇಕು ಅಂತ ಕಾನೂನಿದೆಯಾ?

ಲಿಖಿತಾ: ಕಾನೂನಿಲ್ಲ. ಆದ್ರೆ ಜನ ಕೆಳಗಿನ ಸಾಲು ನೋಡೇ ಮೇಲಿರೋರು ಯಾರು ಅಂತ ತಿಳ್ಕೊಳ್ಳೋದು.

ಯೋಗರಾಜ್: ಮೂಗಿಗಿಂತ ಮೂಗುತಿ ಭಾರ. ಮೊನ್ನೆ ನಮ್ಮ ಸರ್ಕಲ್ಲಲ್ಲಿ ಒಂದು ನೋಡ್ದೆ. ಶುಭ ಕೋರಿದೋರು ನಲವತ್ತೆರಡು ಜನ, ಯಾರಿಗೆ ಕೋರಿದ್ದು ಅಂತ ಹುಡುಕೋಕೆ ಕನ್ನಡಕ ಹಾಕ್ಕೋಬೇಕಾಯ್ತು. ನನ್ನ ಫ್ಲೆಕ್ಸಲ್ಲಿ ಒಬ್ರೇ. ಅವರ ಕೆಳಗೆ ನಿಲ್ಲೋ ಯೋಗ್ಯತೆ ಆ ಊರಲ್ಲಿ ಯಾರಿಗೂ ಇಲ್ಲ.

ಅವನು ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನ ಇನ್ನೊಂದು ಕವರ್ ತೆಗೆದು, ಅದರೊಳಗಿಂದ ಒಂದು ಫೋಟೋ ತೆಗೆದ. ಕಪ್ಪುಬಿಳುಪು, ಅಂಚು ಹಳದಿಯಾಗಿದೆ. ಎತ್ತರದ ಯುವಕನೊಬ್ಬ ನಗದೆ ನೇರ ನೋಡುತ್ತಿದ್ದಾನೆ.

ಲಿಖಿತಾ: ಕಲರ್ ಫೋಟೋ ಇಲ್ವಾ?

ಯೋಗರಾಜ್: ಎಪ್ಪತ್ತಾರನೇ ಇಸವೀದು ಮಾರಾಯ್ತಿ. ಕಲರ್ ಎಲ್ಲಿಂದ ಬರ್ಬೇಕು?

ಲಿಖಿತಾ: ಈಗ ಹೋಗಿ ಮೊಬೈಲಲ್ಲಿ ಒಂದು ತೆಗೀರಿ.

ಯೋಗರಾಜ್: ಈಗ ಅವರ ಮೊಣಕಾಲು ಹೋಗಿದೆ, ಕೂದಲು ಹೋಗಿದೆ. ಇದ್ರಲ್ಲಿ ನೋಡು, ಕೊಯಮತ್ತೂರು ಫೈನಲ್ ಗೆದ್ದ ಮಾರನೇ ದಿನ.

ಲಿಖಿತಾ: ಸರಿ. ಜೊತೆಗೆ ಕೊಟ್ಟ ಈ ಬರಹ ಏನಿದು, ನಾಲ್ಕು ಹಾಳೆ? ಫ್ಲೆಕ್ಸಾ, ಪುರಾಣಾನಾ? ಸರ್ಕಲ್ಲಲ್ಲಿ ಬೈಕ್ ಮೇಲೆ ಹೋಗೋರು ಮೂರು ಸೆಕೆಂಡ್ ನೋಡ್ತಾರೆ ಅಂಕಲ್, ಅಷ್ಟೇ.

ಯೋಗರಾಜ್: ಮೂರು ಸೆಕೆಂಡ್ ಧಾರಾಳ ಆಯ್ತು. ಕೊಯಮತ್ತೂರಲ್ಲಿ ಅವರಿಗೂ ಉಳಿದಿದ್ದು ಮೂರೇ. ನಮ್ಮೋರು ಒಂದು ಪಾಯಿಂಟ್ ಹಿಂದೆ. ಎದುರಿಗೆ ಇಬ್ರು ಗೋಡೆ ಥರ ನಿಂತಿದಾರೆ. ಇವರು ರಿಂಗಿಗೆ ಬೆನ್ನು ಹಾಕಿ, ತಿರುಗೇ ನೋಡದೆ, ತಲೆ ಮೇಲಿಂದ ಹೀಗೆ ಎಸೆದ್ರು.

ಎಸೆದು ತೋರಿಸುವ ಭರದಲ್ಲಿ ಅವನ ಕೈ ತಗುಲಿ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು.

ಲಿಖಿತಾ: ನೀವು ಕಣ್ಣಾರೆ ನೋಡಿದ್ರಾ?

ಯೋಗರಾಜ್: ನಾನು ಹನ್ನೊಂದು ವರ್ಷದೋನು, ಭದ್ರಾವತೀಲಿದ್ದೆ. ಆದ್ರೆ ನೋಡಿದಷ್ಟೇ.

ಲಿಖಿತಾ: ಅಮೇರಿಕಾದೋರು ಆಡ್ತಾರಲ್ಲ, ರೀಲ್ಸಲ್ಲಿ ಬರುತ್ತೆ, ಆ ಥರಾನಾ?

ಯೋಗರಾಜ್: ಅವರಿಗೆ ಶೂ ಇತ್ತು. ಇವರ ಪಾದದ ಅಳತೆಗೆ ಇಡೀ ಜಿಲ್ಲೇಲಿ ಶೂ ಇರ್ಲಿಲ್ಲ, ಮೂರು ವರ್ಷ ಬರಿಗಾಲಲ್ಲಿ ಆಡಿದ್ರು. ಹೊಳೆಹೊನ್ನೂರು ಕಡೆಯ ರೈತರ ಮಗ. ಕಾರ್ಖಾನೆಗೆ ಖಲಾಸಿಯಾಗಿ ಸೇರಿದ್ದು. ಎತ್ತರ ನೋಡಿ ಬಲ್ಬ್ ಬದಲಾಯಿಸೋ ಕೆಲಸಕ್ಕೆ ಹಾಕಿದ್ರು, ಏಣಿ ಉಳಿಯುತ್ತೆ ಅಂತ. ಆಮೇಲೆ ಒಬ್ಬ ಫೋರ್‌ಮನ್ ನೋಡಿ ಬಾಸ್ಕೆಟ್‌ಬಾಲ್ ಕೋರ್ಟಿಗೆ ಎಳ್ಕೊಂಡು ಹೋದ. ಮದ್ರಾಸಿಂದ ರೈಲ್ವೇ ಕೆಲಸ ಕೊಡ್ತೀವಿ ಬನ್ನಿ ಅಂತ ಕರೆದ್ರೆ, ಭದ್ರೆ ನೀರು ಕುಡಿದೋನಿಗೆ ಅಲ್ಲಿನ ಉಪ್ಪು ನೀರು ಸೇರಲ್ಲ ಅಂತ ಹೋಗ್ಲಿಲ್ಲ. ಮಂಡಿ ಮುರಿದ್ಮೇಲೆ ಇಪ್ಪತ್ತಾರು ವರ್ಷ ಕಾಲೊನಿ ಮಕ್ಕಳಿಗೆ ಬಿಟ್ಟಿ ಕಲಿಸಿದ್ರು. ಹಿತ್ತಲ ಗಿಡ ಮದ್ದಲ್ಲ ನೋಡು. ಆ ಕೋರ್ಟಲ್ಲಿ ಒಂದು ರಿಂಗ್ ಬಿದ್ದು ಒಂಬತ್ತು ವರ್ಷ ಆಯ್ತು. ಇನ್ನೊಂದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಾರೆ. ಅರ್ಜಿ ಬರೆದು ಬರೆದು ನನ್ನ ಕೈಬರಹ ಸುಧಾರಿಸಿದ್ದು ಬಿಟ್ರೆ ಬೇರೇನೂ ಆಗ್ಲಿಲ್ಲ.

ಲಿಖಿತಾಳಿಗೆ ಸ್ವಲ್ಪ ಮನಸ್ಸು ಕರಗಿತು. ಮೌಸ್ ಹಿಡಿದು ಹಿನ್ನೆಲೆಗೆ ಕೇಸರಿ ಬಣ್ಣ ತುಂಬಿದಳು. ಯೋಗರಾಜ್ ಬೇಡ ಎಂದ. ಹಳದಿ ತುಂಬಿದಳು. ಅದೂ ಬೇಡ.

ಯೋಗರಾಜ್: ಬಿಳಿ ಇರ್ಲಿ. ಸಭ್ಯವಾಗಿ ಕಾಣುತ್ತೆ. ಸುತ್ತ ಸಣ್ಣಗೆ ಮಲ್ಲಿಗೆ ಹೂವಿನ ಅಂಚು. ಎರಡೂ ಕಡೆ ಒಂದೊಂದು ದೀಪ.

ಲಿಖಿತಾ: ದೀಪನಾ?

ಯೋಗರಾಜ್: ದೇವರ ಫೋಟೋಕ್ಕೆ ಹಾಕಲ್ವಾ? ಹೆಸರಿನ ಕೆಳಗೆ ಇಸವಿ ಹಾಕು. 1950. ಮುಂದೆ ಒಂದು ಗೆರೆ.

ಲಿಖಿತಾ: ಗೆರೆ ಆದ್ಮೇಲೆ?

ಯೋಗರಾಜ್: ಖಾಲಿ ಬಿಡು. ಇನ್ನೂ ಬಾಳ್ಬೇಕು ಅವರು. ಅದರ ಕೆಳಗೆ ದೊಡ್ಡದಾಗಿ, ‘ನಿಮ್ಮಂಥವರು ಮತ್ತೆ ಹುಟ್ಟುವುದಿಲ್ಲ. ನೀವು ಆಡಿದ ಅಂಗಳ ಇಂದಿಗೂ ನಿಮ್ಮನ್ನು ನೆನೆಯುತ್ತಿದೆ.’ ನಾನೇ ಬರೆದಿದ್ದು, ಎರಡು ರಾತ್ರಿ ನಿದ್ದೆಗೆಟ್ಟು.

ಲಿಖಿತಾ ಪರದೆಯನ್ನೇ ದಿಟ್ಟಿಸಿದಳು. ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿರುವುದು ಗೊತ್ತಿದ್ದೂ ಕೈ ಬಿಡುವಿಲ್ಲದವಳಂತೆ ಚಡಪಡಿಸಿದಳು.

ಲಿಖಿತಾ: ಅಂಕಲ್, ಇದು ಒಂದ್ ಥರ ಕಾಣ್ತಿದೆ.

ಯೋಗರಾಜ್: ಯಾವ ಥರ?

ಲಿಖಿತಾ: ಬಾಯಿ ಬಿಟ್ಟು ಹೇಳ್ಬಾರ್ದು. ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಅಂತ ನಮ್ಮಮ್ಮ ಹೇಳ್ತಾರೆ. ಹಿರಿಯರ ವಿಷ್ಯ ಬೇರೆ.

ಯೋಗರಾಜ್: ತುಂಬ ಸರಳ ಆಯ್ತು ಅಂತ ತಾನೇ ನಿನ್ನ ಅಭಿಪ್ರಾಯ?

ಲಿಖಿತಾ: ಸರಳ ಅಂತಲ್ಲ. ನೀವೇ ಸ್ವಲ್ಪ ದೂರ ನಿಂತು ನೋಡಿ.

ಯೋಗರಾಜ್ ರಸ್ತೆಗೆ ಇಳಿದು, ಹಿಂದಕ್ಕೆ ಹೆಜ್ಜೆ ಹಾಕಿ, ಆಟೊದವನಿಂದ ಬೈಸಿಕೊಂಡು, ಕಣ್ಣು ಕಿರಿದು ಮಾಡಿ ನೋಡಿದ. ಅವನ ಕಣ್ಣು ತುಂಬಿ ಬಂತು.

ಯೋಗರಾಜ್: ನೋಡಿದ್ರೆ ಕೈ ಮುಗಿಯೋಣ ಅನ್ಸುತ್ತೆ ಕಣಮ್ಮ. ಪ್ರಿಂಟಿಗೆ ಹಾಕು.

ಭಾನುವಾರ ಫ್ಲೆಕ್ಸ್ ಭದ್ರಾವತಿಯ ಸರ್ಕಲ್ಲಿನಲ್ಲಿ ನಿಂತಿತು. ಬುಧವಾರ ಬೆಳಗ್ಗೆ ಯೋಗರಾಜ್ ಮತ್ತೆ ಲಿಖಿತಾಳ ಅಂಗಡಿಯಲ್ಲಿದ್ದ. ಗಡ್ಡ ಬೋಳಿಸಿರಲಿಲ್ಲ. ಒಂದು ಕಾಲಿಗೆ ಒಂದು ಜೊತೆಯ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು ಜೊತೆಯದು.

ಯೋಗರಾಜ್: ನಿಂಗೆ ಮೊದಲೇ ಗೊತ್ತಿತ್ತು. ಹೌದೋ ಅಲ್ವೋ?

ಲಿಖಿತಾ: ಏನಾಯ್ತು ಅಂತ ಹೇಳಿ ಅಂಕಲ್. ಜನ ನೋಡ್ಲಿಲ್ವಾ?

ಯೋಗರಾಜ್: ನೋಡ್ಲಿಲ್ವಾ ಅಂತಾಳೆ. ಭಾನುವಾರ ಎದುರಿನ ಟೀ ಅಂಗಡೀಲಿ ಕೂತೆ. ಮೊದಲನೇ ಮನುಷ್ಯ ಸ್ಕೂಟರ್ ನಿಲ್ಸಿ, ಚಪ್ಪಲಿ ಬಿಟ್ಟು ಕೈ ಮುಗಿದ. ನನ್ನೆದೆ ಉಬ್ಬಿಹೋಯ್ತು. ಒಬ್ಬಾಕೆ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. ನೋಡು, ಎಂಥ ಅಭಿಮಾನ ಇತ್ತು ಈ ಊರಿಗೆ, ನಾನೇ ತಪ್ಪು ತಿಳ್ಕೊಂಡಿದ್ದೆ ಅಂತ ನಂಗೂ ಅಳು ಬಂತು. ಸಂಜೆ ಹೊತ್ತಿಗೆ ಯಾರೋ ಸೇವಂತಿಗೆ ಹಾರ ಹಾಕಿದ್ರು. ಊದುಬತ್ತಿ ಹಚ್ಚಿದ್ರು.

ಲಿಖಿತಾ: ಆಗ್ಲೂ ಗೊತ್ತಾಗ್ಲಿಲ್ವಾ?

ಯೋಗರಾಜ್: ನಾನೂ ಎರಡು ಊದುಬತ್ತಿ ಹಚ್ದೆ.

ಲಿಖಿತಾ ಬಾಯಿಗೆ ವೇಲ್ ಅಡ್ಡ ಹಿಡಿದಳು. ನಗುವೋ ಅಳುವೋ ಯೋಗರಾಜನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಅವನಿಗಿರಲಿಲ್ಲ.

ಯೋಗರಾಜ್: ಒಬ್ಬ ಬಂದು ‘ಯಾವಾಗ ಆಯ್ತು’ ಅಂತ ಕೇಳ್ದ. ಎಪ್ಪತ್ತಾರರಲ್ಲಿ ಅಂದೆ. ‘ಹೇಗಾಯ್ತು’ ಅಂದ. ಕೊನೇ ಮೂರು ಸೆಕೆಂಡಲ್ಲಿ ಆಗೋಯ್ತು, ಯಾರೂ ನಿರೀಕ್ಷೆ ಮಾಡಿರ್ಲಿಲ್ಲ ಅಂದೆ. ‘ಪುಣ್ಯವಂತರು, ನರಳಲಿಲ್ಲ’ ಅಂತ ಹೋದ. ಇನ್ನೊಬ್ಬ ಆ ಖಾಲಿ ಇಸವಿ ನೋಡಿ, ‘ಪಾಪ, ವರ್ಷ ಬರೆಯೋಕೂ ಪುರುಸೊತ್ತಾಗಿಲ್ಲ, ಅಷ್ಟು ದಿಢೀರ್’ ಅಂದ. ಅಲ್ಲಿಗೆ ನನಗೆ ಅರ್ಥ ಆಯ್ತು, ಟೀ ಅಲ್ಲೇ ಬಿಟ್ಟು ಎದ್ದೆ.

ಲಿಖಿತಾ: ಅವರ ಮನೆಗೆ ಹೋಗಿ ನೋಡಿದ್ರೆ ಗೊತ್ತಾಗಿರೋದಲ್ವಾ ಜನಕ್ಕೆ?

ಯೋಗರಾಜ್: ಹೋದ್ರು. ಬೀಗ. ಗಂಡ ಹೆಂಡ್ತಿ ಇಬ್ರೂ ಶನಿವಾರಾನೇ ಇಲ್ಲಿ ವಿನೋಬನಗರದಲ್ಲಿರೋ ಮಗಳ ಮನೆಗೆ ಬಂದಿದಾರೆ. ಬೀಗ ನೋಡಿದ ಜನ, ಊರಿಗೆ ತಗೊಂಡು ಹೋಗಿ ಮಣ್ಣು ಮಾಡಿದ್ರು ಅಂತ ತೀರ್ಮಾನ ಮಾಡಿ ಗೇಟಿಗೆ ಹಾರ ಹಾಕಿ ಬಂದ್ರು. ರೋಲಿಂಗ್ ಮಿಲ್ಲಿನ ಮುರುಗೇಶಣ್ಣ ಗೇಟ್ ಹಿಡ್ಕೊಂಡು ತಮಿಳಲ್ಲಿ ಅತ್ತನಂತೆ. ಹೇಳು, ಈಗ ಏನು ಮಾಡ್ಲಿ? ಯಾರ ಮುಖ ಊರಿಗೆ ತೋರಿಸ್ಬೇಕು ಅಂತ ಹೊರಟೆನೋ ಅವರಿಗೇ ನಾನು ಮುಖ ತೋರಿಸೋ ಹಾಗಿಲ್ಲ.

ಲಿಖಿತಾ: ಅದಕ್ಕೇ ಅಂಕಲ್ ಹೇಳಿದ್ದು, ಕೆಳಗೆ ಎಂಟು ಮುಖ ಹಾಕ್ಸಿ ಅಂತ. ಕಪ್ಪು ಕನ್ನಡಕದೋರು ಇಬ್ರು, ಕೈ ಮುಗಿಯೋರು ನಾಲ್ಕು ಜನ, ಮೊಬೈಲ್ ಕಿವಿಗಿಟ್ಕೊಂಡೋರು ಇಬ್ರು ಇದ್ದಿದ್ರೆ ಯಾರಿಗೂ ಅನುಮಾನ ಬರ್ತಿರ್ಲಿಲ್ಲ. ಮೇಲಿರೋರು ಗಟ್ಟಿಮುಟ್ಟಾಗಿದಾರೆ ಅಂತ ಗೊತ್ತಾಗ್ತಿತ್ತು.

ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಅರ್ಧ ಇಳಿದ ಶಟರ್ ಕೆಳಗೆ ಬಹಳ ಉದ್ದದ ಒಬ್ಬ ಮುದುಕರು ಬೆನ್ನು ಬಗ್ಗಿಸಿ, ಒಂದು ಮಂಡಿ ಹಿಡಿದುಕೊಂಡು ಒಳಗೆ ಬಂದರು. ಕುತ್ತಿಗೆಗೆ ಮಫ್ಲರ್. ಯೋಗರಾಜ್ ಎದ್ದು ನಿಂತ. ಓಡಿಹೋಗಲು ಹಿಂದೆ ಬಾಗಿಲಿರಲಿಲ್ಲ.

ಷಡಕ್ಷರಪ್ಪ: ಫ್ಲೆಕ್ಸಿನ ಮೂಲೇಲಿ ಅಂಗಡಿ ಹೆಸರಿತ್ತಮ್ಮ, ಓದ್ಕೊಂಡು ಬಂದೆ. ನೀನೂ ಇಲ್ಲೇ ಇದೀಯೇನೋ ಯೋಗ? ಒಳ್ಳೇದಾಯ್ತು.

ಯೋಗರಾಜ್: ಸರ್, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು. ಈಗ್ಲೇ ಹೋಗಿ ಕಿತ್ತು ಹಾಕ್ತೀನಿ.

ಷಡಕ್ಷರಪ್ಪ: ಕೂತ್ಕೊ. ಮೊದಲು ಎರಡೂ ಕಾಲಿಗೆ ಒಂದೇ ಥರದ್ದು ಹಾಕ್ಕೊ, ಆಮೇಲೆ ಹೊಡ್ಕೊಳ್ಳೋವಂತೆ.

ಲಿಖಿತಾ ಕುರ್ಚಿ ಕೊಟ್ಟಳು. ಅವರು ಕೂತರೂ ಅವಳಿಗಿಂತ ಎತ್ತರವಿದ್ದರು.

ಲಿಖಿತಾ: ಸರ್, ನಿಮಗೆ ಹೇಗೆ ಗೊತ್ತಾಯ್ತು?

ಷಡಕ್ಷರಪ್ಪ: ಸೋಮವಾರ ನನ್ನ ಮನೆಯವಳಿಗೆ ಹತ್ತು ಜನ ಫೋನ್ ಮಾಡಿದ್ರು. ‘ನಿಮ್ಮ ಯಜಮಾನ್ರು ದೇವರಂಥೋರು, ಒಂದು ದಿನ ಯಾರ ಮನಸ್ಸೂ ನೋಯಿಸಲಿಲ್ಲ’ ಅಂದ್ರು. ಜಲಜ ರಾಂಗ್ ನಂಬರ್ ಅಂತ ಇಟ್ಟುಬಿಟ್ಲು. ಹತ್ತು ಸಲಾನೂ. ಬೇರೆ ಯಾರ ಮನೆಗೋ ಮಾಡ್ತಿದಾರೆ ಅಂತ್ಲೇ ಅವಳು ಅಂದ್ಕೊಂಡಿದ್ಲು.

ಲಿಖಿತಾ: ಆಮೇಲೆ?

ಷಡಕ್ಷರಪ್ಪ: ಹನ್ನೊಂದನೇದು ನಾನು ಎತ್ತಿದೆ. ‘ಷಡಕ್ಷರಪ್ಪನವರ ಮನೆಯವರಾ’ ಅಂದ. ನಾನೇ ಷಡಕ್ಷರಪ್ಪ ಅಂದೆ. ಕಿಟಾರಂತ ಕಿರುಚಿ ಫೋನ್ ಬಿಸಾಕಿದ ಅಂತ ಕಾಣ್ಸುತ್ತೆ. ನಿನ್ನೆ ಸಂಜೆ ಮಫ್ಲರ್ ಸುತ್ಕೊಂಡು ಬಸ್ ಹತ್ತಿ ಭದ್ರಾವತಿಗೆ ಹೋದೆ. ಸರ್ಕಲ್ಲಲ್ಲಿ ನನ್ನ ಕೆಳಗೇ ನಿಂತಿದ್ದೆ. ಪಕ್ಕದೋನು ನಂಗೇ ನನ್ನ ಕಥೆ ಹೇಳ್ದ. ಕೊಯಮತ್ತೂರಲ್ಲಿ ನಾನು ಹೊಡೆದಿದ್ದು ಇಪ್ಪತ್ತೆಂಟು ಪಾಯಿಂಟ್. ಈಗ ಅದು ಐವತ್ತೆರಡಾಗಿದೆ. ಸತ್ತ ಮೇಲೆ ನನ್ನ ಆಟ ಬಹಳ ಸುಧಾರಿಸಿದೆ.

ಯೋಗರಾಜ್: ಯಾರಿಗೂ ನಿಮ್ಮ ಗುರುತು ಸಿಗ್ಲಿಲ್ವಾ ಸರ್?

ಷಡಕ್ಷರಪ್ಪ: ಅವನೇ ನನ್ನ ಮೇಲಿಂದ ಕೆಳಗೆ ನೋಡಿ, ‘ಹೆಚ್ಚುಕಮ್ಮಿ ನಿಮ್ಮಷ್ಟೇ ಎತ್ತರ ಇದ್ರು. ಆದ್ರೆ ಅವರ ಮುಖದ ಕಳೆನೇ ಬೇರೆ’ ಅಂದ.

ಯೋಗರಾಜನಿಗೆ ಇನ್ನು ತಡೆಯಲಾಗಲಿಲ್ಲ. ಕೌಂಟರ್ ಮೇಲೆ ತಲೆಯಿಟ್ಟು ಅತ್ತೇಬಿಟ್ಟ. ಮಾತಾಡಿದ್ದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ‘ನೀವು ಬದುಕಿರೋವಾಗ್ಲೇ ಒಂದ್ಸಲ ನೋಡ್ಲಿ ಅಂತ ಮಾಡಿದ್ದು ಸರ್’ ಎಂದಷ್ಟು ಮಾತ್ರ ತಿಳಿಯಿತು.

ಷಡಕ್ಷರಪ್ಪ ಅವನ ಬೆನ್ನ ಮೇಲೆ ತಮ್ಮ ದೊಡ್ಡ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಯೋಗರಾಜನ ಮೊಬೈಲ್ ಹೊಡೆದುಕೊಂಡಿದ್ದು ಆಗಲೇ. ಅವನು ತಲೆ ಎತ್ತದಿದ್ದುದರಿಂದ ಲಿಖಿತಾಳೇ ಸ್ಪೀಕರ್ ಹಾಕಿದಳು. ಅತ್ತ ಕಡೆ ವಾರ್ಡ್ ಮೆಂಬರ್ ಜ್ಞಾನೇಶ್.

ಜ್ಞಾನೇಶ್: ಯೋಗಣ್ಣ, ಎಂಥ ದುಃಖದ ಸುದ್ದಿ ಮಾರಾಯ. ಅವರು ನನಗೆ ಬಾಲ್ ಹಿಡಿಯೋದು ಕಲಿಸಿದ್ದೇ ನಿನ್ನೆ ಮೊನ್ನೆ ಅನ್ನೋ ಹಾಗಿದೆ.

ಷಡಕ್ಷರಪ್ಪ (ಪಿಸುಮಾತಿನಲ್ಲಿ): ಇವನು ಯಾವತ್ತೂ ಕೋರ್ಟ್ ಕಡೆ ತಲೆ ಹಾಕಿದೋನಲ್ಲ.

ಜ್ಞಾನೇಶ್: ನಿನ್ನೆ ಸಭೆ ಸೇರಿ ಎರಡು ನಿಮಿಷ ಮೌನ ಆಚರಿಸಿದ್ವಿ. ಈ ಭಾನುವಾರ ಸ್ಮಾರಕ ಪಂದ್ಯ ಇಟ್ಕೊಂಡಿದೀವಿ. ವೆಲ್ಡಿಂಗ್‌ನೋನು ಈಗ ಅಲ್ಲೇ ಇದಾನೆ, ಎರಡೂ ರಿಂಗ್ ಹೊಸದು. ನೆಲಕ್ಕೆ ಸಿಮೆಂಟ್ ಹಾಕಿಸ್ತಿದೀನಿ. ಕೋರ್ಟಿಗೆ ಅವರದೇ ಹೆಸರು.

ಯೋಗರಾಜ್ ಕಣ್ಣೊರೆಸಿಕೊಂಡು ತಲೆಯೆತ್ತಿದ.

ಯೋಗರಾಜ್: ಒಂಬತ್ತು ವರ್ಷದಿಂದ ಅದಕ್ಕೇ ಅಲ್ವಾ ನಾನು ಅರ್ಜಿ ಕೊಡ್ತಾ ಇದ್ದಿದ್ದು?

ಜ್ಞಾನೇಶ್: ಆಗ ಅವರು ಬದುಕಿದ್ರಲ್ಲ ಯೋಗಣ್ಣ. ಬದುಕಿರೋರ ಹೆಸರಿಟ್ರೆ ಇನ್ನೊಬ್ರು ಬೇಜಾರು ಮಾಡ್ಕೋತಾರೆ. ಹೋದೋರಿಗೆ ವಿರೋಧ ಪಕ್ಷ ಇರಲ್ಲ. ಅದಿರ್ಲಿ, ಅವರನ್ನ ಎಲ್ಲಿಗೆ ತಗೊಂಡು ಹೋದ್ರು? ಒಂದು ಹಾರ ಹಾಕ್ಬೇಕಿತ್ತು.

ಯೋಗರಾಜ್ ಕಂಗಾಲಾಗಿ ಷಡಕ್ಷರಪ್ಪನವರ ಮುಖ ನೋಡಿದ. ಅವರು ಕೈಸನ್ನೆಯಲ್ಲಿ ‘ಹೇಳು, ಹೇಳು’ ಎಂದರು.

ಯೋಗರಾಜ್: ಮಗಳ ಮನೆಗೆ ಕರ್ಕೊಂಡು ಹೋಗಿದಾರೆ.

ಜ್ಞಾನೇಶ್: ಅಯ್ಯೋ ಪಾಪ, ಇನ್ನೂ ಬದುಕಿರೋ ಹಾಗೇ ಮಾತಾಡ್ತೀಯಲ್ಲ. ಮನಸ್ಸು ಗಟ್ಟಿ ಮಾಡ್ಕೊ. ಹಾಂ, ಭಾನುವಾರಕ್ಕೆ ಹೊಸ ಫ್ಲೆಕ್ಸ್ ಮಾಡ್ಸು. ಕೆಳಗೆ ‘ದುಃಖತಪ್ತರು’ ಅಂತ ಹಾಕ್ಸು, ನನ್ನ ಫೋಟೋ ಕಳಿಸ್ತೀನಿ. ಸ್ವಲ್ಪ ದೊಡ್ಡದಾಗೇ ಇರ್ಲಿ, ದೂರದಿಂದ ಕಾಣ್ಬೇಕು ನೋಡು.

ಫೋನ್ ಇಟ್ಟಾಯಿತು. ಲಿಖಿತಾ ಕಂಪ್ಯೂಟರಿನತ್ತ ತಿರುಗಿದಳು.

ಲಿಖಿತಾ: ಸರ್, ಒಂದು ತಿದ್ದುಪಡಿ ಫ್ಲೆಕ್ಸ್ ಮಾಡಿ ಕೊಡ್ತೀನಿ, ಮಧ್ಯಾಹ್ನಕ್ಕೆ ರೆಡಿ. ‘ಷಡಕ್ಷರಪ್ಪನವರು ಆರೋಗ್ಯವಾಗಿದ್ದಾರೆ’ ಅಂತ.

ಯೋಗರಾಜ್: ಮಾಡಮ್ಮ, ಈಗ್ಲೇ ಮಾಡು. ಈ ಸಲ ಕೆಳಗೆ ಎಂಟಲ್ಲ, ಎಂಬತ್ತು ಮುಖ ಹಾಕು.

ಷಡಕ್ಷರಪ್ಪ: ಅಷ್ಟೊಂದು ಆತುರ ಯಾಕೆ? ಆರೋಗ್ಯವಾಗಿದೀನಿ ಅಂತ ಗೊತ್ತಾದ್ರೆ ವೆಲ್ಡಿಂಗ್‌ನೋನು ಮಿಷನ್ ಎತ್ಕೊಂಡು ಹೋಗ್ತಾನೆ.

ಯೋಗರಾಜ್: ಸರ್, ಹಾಗಂತ ನೀವು ಸತ್ತ ಹಾಗೇ ಇರೋಕಾಗುತ್ತಾ?

ಷಡಕ್ಷರಪ್ಪ: ಹತ್ತೊಂಬತ್ತು ವರ್ಷ ಆಡ್ದೆ, ಇಪ್ಪತ್ತಾರು ವರ್ಷ ಕಲಿಸ್ದೆ. ಒಂದು ರಿಂಗ್ ಹಾಕ್ಸೋಕಾಗ್ಲಿಲ್ಲ ನನ್ನ ಕೈಲಿ. ಮೂರು ದಿನ ಸತ್ತೆ, ಎರಡು ರಿಂಗ್ ಬಂತು. ಮಕ್ಕಳು ಅಲ್ಲಿ ಮತ್ತೆ ಆಡ್ತಾರೆ ಅಂದ್ರೆ ಇನ್ನೊಂದು ವಾರ ಸತ್ತಿರೋಕೆ ನಂಗೇನು ಕಷ್ಟ? ಮಗಳ ಮನೇಲಿ ಊಟ ಚೆನ್ನಾಗಿದೆ.

ಯೋಗರಾಜ್: ಜಲಜಮ್ಮೋರು ಒಪ್ತಾರಾ ಸರ್?

ಷಡಕ್ಷರಪ್ಪ: ವಿಷಯ ಹೇಳಿದ್ಮೇಲೆ ಅವಳಿಗೆ ನೆಮ್ಮದಿ. ಜನ ನನ್ನ ಇಷ್ಟು ಹೊಗಳಿದ್ದು ಅವಳು ಇದೇ ಮೊದಲು ಕೇಳಿದ್ದು. ಬೆಳಗ್ಗೆ ಎರಡನೇ ಸಲ ಕಾಫಿ ಕೊಟ್ಲು.

ಅವರು ಕುರ್ಚಿಯನ್ನು ಕಂಪ್ಯೂಟರ್ ಹತ್ತಿರ ಎಳೆದುಕೊಂಡರು. ಕನ್ನಡಕ ಹಾಕಿಕೊಂಡು ತಮ್ಮದೇ ಹಳೆಯ ಮುಖವನ್ನು ಪರದೆಯ ಮೇಲೆ ಒಂದು ಗಳಿಗೆ ನೋಡಿದರು.

ಷಡಕ್ಷರಪ್ಪ: ಹನ್ನೊಂದನೇ ದಿನದ ಶಿವಗಣಾರಾಧನೆಗೆ ಒಂದು ಫ್ಲೆಕ್ಸ್ ಮಾಡಮ್ಮ. ಇದೇ ಫೋಟೋ, ಇದೇ ಬಿಳಿ. ಕೆಳಗೆ ದಪ್ಪ ಅಕ್ಷರದಲ್ಲಿ ಬರಿ: ‘ಕೋರ್ಟಿಗೆ ಫ್ಲಡ್ ಲೈಟ್ ಹಾಕಿಸಬೇಕೆಂಬುದು ದಿವಂಗತರ ಕೊನೆಯ ಆಸೆಯಾಗಿತ್ತು.’

ಯೋಗರಾಜ್: ಸರ್, ಅದು ಸುಳ್ಳಾಗಲ್ವಾ?

ಷಡಕ್ಷರಪ್ಪ: ಆಸೆ ನಿಜಾನೇ ಕಣೋ. ಕೊನೇದು ಅನ್ನೋದೊಂದೇ ಸುಳ್ಳು.